ಖಡು ತಿನ್ನುವ ಹುಡುಗಿ, ಮಣ್ಣು ನೆಕ್ಕುವ ಮಗು: ಬೈಯುವ ಮೊದಲು ರಕ್ತ ನೋಡಿ

ಪಾಟಿಯೇ ಇಲ್ಲದ ಮನೆಯಲ್ಲಿ ಬಳಪದ ಡಬ್ಬಿ ಸಿಕ್ಕರೆ ಅದು ಬರೆಯಲಿಕ್ಕೆ ತಂದದ್ದಲ್ಲ. ಅದು ದಿಂಬಿನ ಕೆಳಗೆ, ಟ್ರಂಕಿನ ಮೂಲೆಯಲ್ಲಿ ಅಥವಾ ಕಾಲೇಜು ಬ್ಯಾಗಿನ ಒಳಜೇಬಿನಲ್ಲಿ ಇರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಹಿತ್ತಲಿನ ಮಣ್ಣಗೋಡೆಯ ಮೇಲೆ ಉಗುರಿನ ಗೀರು ಕಾಣುತ್ತವೆ, ಒಲೆಕಟ್ಟೆಯ ಒಂದೇ ಅಂಚು ಸವೆದಿರುತ್ತದೆ, ಫ್ರಿಜ್ಜಿನ ಐಸ್ ಟ್ರೇ ಯಾವಾಗ ನೋಡಿದರೂ ಖಾಲಿ. ಹುಬ್ಬಳ್ಳಿ-ಧಾರವಾಡದ ಕಡೆ ಇದಕ್ಕೆ ಬಸುರಿಯಾದರೆ ‘ಬಯಕಿ’, ಮಗುವಾದರೆ ‘ಕೆಟ್ಟ ಚಟ’, ವಯಸ್ಸಿನ ಹುಡುಗಿಯಾದರೆ ‘ಬಾಯಿಚಪಲ’ ಎನ್ನುತ್ತಾರೆ. ವೈದ್ಯರು ಮೂರಕ್ಕೂ ಇಟ್ಟಿರುವ ಹೆಸರು ಒಂದೇ, ಪೈಕಾ. ಸಿಕ್ಕಿದ್ದಕ್ಕೆಲ್ಲ ಕೊಕ್ಕು ಹಾಕುವ ಮ್ಯಾಗ್‌ಪೈ ಎಂಬ ಹಕ್ಕಿಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರು ಅದು.

ನಮ್ಮವರಿಗೂ ಇದು ಹೊಸದಲ್ಲ. ಆಯುರ್ವೇದ ಪಾಂಡುರೋಗವನ್ನು, ಅಂದರೆ ಮೈ ಬಿಳಚಿಕೊಳ್ಳುವ ಕಾಯಿಲೆಯನ್ನು, ಐದು ಬಗೆಯಾಗಿ ವಿಂಗಡಿಸಿದೆ. ಅದರಲ್ಲಿ ಒಂದು ಬಗೆಗೆ ಮಣ್ಣು ತಿಂದು ಬರುವುದು ಎಂಬ ಅರ್ಥದಲ್ಲಿ ‘ಮೃದ್ಭಕ್ಷಣಜ’ ಎಂದೇ ಹೆಸರು. ಮಣ್ಣಿಗೂ ರಕ್ತಕ್ಕೂ ನಂಟಿದೆ ಎಂದು ಅವರು ಗುರುತಿಸಿದ್ದರು. ಈ ನಂಟು ಎರಡೂ ದಿಕ್ಕಿಗೆ ಓಡುತ್ತದೆ ಎಂಬುದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಯಾವುದು ಪೈಕಾ, ಯಾವುದು ಅಲ್ಲ

ಆಹಾರವಲ್ಲದ, ಪೋಷಣೆಯಿಲ್ಲದ ವಸ್ತುವನ್ನು ಕನಿಷ್ಠ ಒಂದು ತಿಂಗಳು ಬಿಡದೆ ತಿನ್ನುತ್ತಿದ್ದರೆ ಅದು ಪೈಕಾ. ಎರಡು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವುದು ಕಾಯಿಲೆಯಲ್ಲ, ಆ ವಯಸ್ಸಿನಲ್ಲಿ ಲೋಕ ತಿಳಿಯುವ ದಾರಿಯೇ ಬಾಯಿ. ಒಮ್ಮೆ ಮಣ್ಣು ಬಾಯಿಗಿಟ್ಟು ಮುಖ ಸಿಂಡರಿಸಿ ಉಗುಳಿದ ಮಗುವಿನ ಬಗ್ಗೆ ಚಿಂತೆ ಬೇಡ. ಎರಡು ದಾಟಿದ ಮೇಲೂ ಹುಡುಕಿಕೊಂಡು ಹೋಗಿ, ಒಂದೇ ವಸ್ತುವನ್ನು ಆರಿಸಿ, ನುಂಗುತ್ತಿದ್ದರೆ ನೋಡಬೇಕು. ‘ಹುಡುಕಿಕೊಂಡು ಹೋಗಿ’ ಎಂಬುದು ಇಲ್ಲಿ ದೊಡ್ಡ ಸುಳಿವು.

ನಮ್ಮ ಸೀಮೆಯಲ್ಲಿ ಬಾಯಿಗೆ ಹೋಗುವುದು ಮಣ್ಣು, ಹುತ್ತದ ಮಣ್ಣು, ಇಟ್ಟಿಗೆ ಚೂರು, ಖಡು (ಚಾಕ್‌ಪೀಸ್), ಬಳಪ, ಸುಣ್ಣದ ಹಕ್ಕಳೆ, ಒಲೆಯ ಬೂದಿ, ವಿಭೂತಿ, ಇದ್ದಿಲು, ಐಸ್. ಹಸಿ ಅಕ್ಕಿ ಮುಕ್ಕುವುದನ್ನು ಯಾರೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಅಕ್ಕಿ ಆಹಾರವಲ್ಲವೇ ಎನ್ನುತ್ತಾರೆ. ಆದರೆ ದಿನವೂ ಬೊಗಸೆಗಟ್ಟಲೆ ಹಸಿ ಅಕ್ಕಿ ತಿನ್ನುವವರ ರಕ್ತವನ್ನೂ ಖಡು ತಿನ್ನುವವರ ರಕ್ತದಷ್ಟೇ ಅನುಮಾನದಿಂದ ನೋಡಬೇಕು. ಐಸ್ ಕೂಡ ಹಾಗೆಯೇ. ಬೇಸಿಗೆಯಲ್ಲಿ ಯಾರು ಬೇಕಾದರೂ ಐಸ್ ಚೀಪುತ್ತಾರೆ. ಚಳಿಗಾಲದಲ್ಲೂ ಕಟಕಟನೆ ಕಡಿದು ತಿನ್ನುವವರಲ್ಲಿ ಕಬ್ಬಿಣದ ಕೊರತೆ ಎಷ್ಟು ಸಲ ಸಿಗುತ್ತದೆಂದರೆ, ವೈದ್ಯರು ಅದನ್ನೇ ಒಂದು ಲಕ್ಷಣವೆಂದು ಬರೆದುಕೊಳ್ಳುತ್ತಾರೆ.

ಕೇಳುವ ರೀತಿಯೂ ಮುಖ್ಯ. ‘ನೀ ಮಣ್ಣ ತಿಂತೀಯೇನು?’ ಎಂದು ಅತ್ತೆಯ ಎದುರಿಗೆ ಕೇಳಿದರೆ ಉತ್ತರ ‘ಇಲ್ರಿ’ ಎಂದೇ ಬರುತ್ತದೆ. ಆಶಾ ಕಾರ್ಯಕರ್ತೆಯಾಗಲಿ ಅಕ್ಕನಾಗಲಿ ಒಬ್ಬಳನ್ನೇ ಕೂರಿಸಿಕೊಂಡು, ‘ಮಳಿ ಬಿದ್ದಾಗ ಮಣ್ಣಿನ ವಾಸನಿಗೆ ಬಾಯಾಗ ನೀರು ಬರತೈತೇನವಾ? ಬಾಳ ಮಂದಿಗೆ ಹಂಗ ಆಗತೈತಿ, ರಕ್ತ ಕಡಿಮಿ ಇದ್ರ’ ಎಂದು ಕೇಳಿದರೆ ಮಾತು ಹೊರಗೆ ಬರುತ್ತದೆ. ಏನು, ದಿನಕ್ಕೆ ಎಷ್ಟು, ಎಂದಿನಿಂದ, ಎಲ್ಲಿಂದ ತರುತ್ತೀ ಎಂಬ ನಾಲ್ಕು ಪ್ರಶ್ನೆ ಅದರ ಹಿಂದೆಯೇ ಕೇಳಬೇಕು. ಕೊನೆಯದು ಕುತೂಹಲಕ್ಕೆ ಕೇಳುವುದಲ್ಲ. ಹಿತ್ತಲಿನ ಗೋಡೆಯ ಮಣ್ಣಿನ ಅಪಾಯ ಬೇರೆ, ಔಷಧಿ ಹೊಡೆದ ಹತ್ತಿ ಹೊಲದ ಮಣ್ಣಿನ ಅಪಾಯ ಬೇರೆ, ಹಳೆ ಬ್ಯಾಟರಿ ಒಡೆಯುವ ಜಾಗದ ಮಣ್ಣಿನ ಅಪಾಯವೇ ಬೇರೆ.

ಎರೆಮಣ್ಣು ಹೊಟ್ಟೆಯಲ್ಲಿ ಏನು ಮಾಡುತ್ತದೆ

ನವಲಗುಂದ, ನರಗುಂದ, ರೋಣದ ಎರೆಹೊಲವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಇದಕ್ಕೆ ಕಾರಣ. ಈ ಜೇಡಿಯ ಕಣಗಳು ಹಾಳೆಯ ಮೇಲೆ ಹಾಳೆ ಇಟ್ಟ ಹಾಗಿರುತ್ತವೆ. ಹಾಳೆಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಕಬ್ಬಿಣ, ಸತು, ಪೊಟ್ಯಾಸಿಯಂನಂಥ ಧನ ಅಯಾನುಗಳನ್ನು ಎಳೆದು ಹಿಡಿದುಕೊಳ್ಳುತ್ತವೆ. ಹೊಲದಲ್ಲಿ ಇದು ವರ, ಹಾಕಿದ ಗೊಬ್ಬರ ತೊಳೆದುಹೋಗುವುದಿಲ್ಲ. ಹೊಟ್ಟೆಯಲ್ಲಿ ಅದೇ ಗುಣ ಶಾಪ. ಉಂಡ ಊಟದ ಕಬ್ಬಿಣವನ್ನು ಜೇಡಿ ಹಿಡಿದುಕೊಂಡು ಮಲದ ಜೊತೆ ಹೊರಗೆ ಒಯ್ಯುತ್ತದೆ.

ಹಾಗಿದ್ದರೆ ಕೆಂಪುಮಣ್ಣು ಒಳ್ಳೆಯದೇ? ‘ಕೆಂಪು ಅಂದ್ರ ಕಬ್ಬಿಣ, ಮೈ ಬೇಡೋದನ್ನ ತಿಂತಾಳ’ ಎಂಬ ವಾದ ಓದಿದವರ ಬಾಯಲ್ಲೂ ಕೇಳಿಬರುತ್ತದೆ. ಗದಗದ ಕಪ್ಪತಗುಡ್ಡದ ಮಣ್ಣಿನಲ್ಲಿ ಕಬ್ಬಿಣದ ಅದಿರೇ ಇದೆ, ನಿಜ. ಆದರೆ ಅದು ಆಕ್ಸೈಡ್ ರೂಪದ್ದು, ಅಂದರೆ ಹೆಚ್ಚುಕಡಿಮೆ ತುಕ್ಕು. ಅದು ಕರುಳಿನ ನೀರಿನಲ್ಲಿ ಕರಗುವುದೇ ಅಪರೂಪ, ಕರಗದ್ದು ರಕ್ತಕ್ಕೆ ಸೇರದು. ಬಾಗಿಲ ಚಿಲಕದ ತುಕ್ಕು ನೆಕ್ಕಿ ರಕ್ತ ಏರಿಸಿಕೊಂಡವರು ಯಾರೂ ಇಲ್ಲ.

ಖಡು, ಬಳಪಗಳ ಕಥೆ ಬೇರೆ. ಖಡು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಜಿಪ್ಸಂ. ಕ್ಯಾಲ್ಸಿಯಂ ಎದುರಿದ್ದರೆ ಕರುಳು ಕಬ್ಬಿಣವನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೆದುಗಲ್ಲಿನ ಬಳಪ ಮೆಗ್ನೀಸಿಯಂ ಸಿಲಿಕೇಟು, ವಿಷವಲ್ಲ, ಪೋಷಣೆಯೂ ಅಲ್ಲ. ಹೊಟ್ಟೆ ತುಂಬಿಸಿ ಊಟದ ಜಾಗ ಹಿಡಿಯುತ್ತದೆ, ಮಲ ಕಲ್ಲಾಗಿಸುತ್ತದೆ.

ಚಕ್ರ ಹೀಗೆ ತಿರುಗುತ್ತದೆ: ಕಬ್ಬಿಣ ಕಡಿಮೆಯಾದರೆ ಬಾಯಿ ಮಣ್ಣು ಬೇಡುತ್ತದೆ, ಮಣ್ಣು ಹೊಟ್ಟೆಗೆ ಹೋದರೆ ಕಬ್ಬಿಣ ಇನ್ನೂ ಕಡಿಮೆಯಾಗುತ್ತದೆ. ಬಾಯಿ ಬೇಡುವುದರ ಹಿಂದೆ ಮೆದುಳೂ ಇರಬಹುದು. ಬಯಕೆಗೆ ನಂಟಿರುವ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಕಬ್ಬಿಣದ ಚಿಕಿತ್ಸೆ ಶುರುವಾದ ಒಂದೆರಡು ವಾರದಲ್ಲಿ, ಹಿಮೋಗ್ಲೋಬಿನ್ ಇನ್ನೂ ಏರುವ ಮೊದಲೇ, ಎಷ್ಟೋ ಜನರಲ್ಲಿ ಬಯಕೆ ಕರಗುತ್ತದೆ. ಕೈ ಕಟ್ಟಿ ಹಾಕಿದರೆ, ಬಾಯಿಗೆ ಖಾರ ಸವರಿದರೆ, ಬರೆ ಹಾಕಿದರೆ ಈ ಚಕ್ರ ನಿಲ್ಲುವುದಿಲ್ಲ, ಕದ್ದು ತಿನ್ನುವುದು ಕಲಿಯುತ್ತಾರೆ ಅಷ್ಟೇ. ಅದನ್ನು ಕಬ್ಬಿಣದ ತುದಿಯಲ್ಲಿ ಮುರಿಯಬೇಕು.

ಇದು ಅಪರೂಪದವರ ಸಮಸ್ಯೆಯೂ ಅಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು.

ಏನೇನು ಪರೀಕ್ಷೆ

ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡಿದರೆ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಬಸುರಿಯರಲ್ಲಿ ಡೆಸಿಲೀಟರಿಗೆ 11 ಗ್ರಾಂ, ಉಳಿದ ಹೆಣ್ಣುಮಕ್ಕಳಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆದರೆ ದೇಹದ ಕಬ್ಬಿಣದ ಕಣಜ ಮೊದಲು ಬರಿದಾಗುತ್ತದೆ, ಹಿಮೋಗ್ಲೋಬಿನ್ ಆಮೇಲೆ ಇಳಿಯುತ್ತದೆ. ಕಣಜದ ಲೆಕ್ಕ ಹೇಳುವುದು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ದೊಡ್ಡವರಲ್ಲಿ ಮಿಲಿಲೀಟರಿಗೆ 15 ನ್ಯಾನೊಗ್ರಾಂ, ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕೆಳಗಿದ್ದರೆ ಕಣಜ ಖಾಲಿ. ದೊಡ್ಡವರಲ್ಲಿ 30ಕ್ಕಿಂತ ಕಡಿಮೆಯಿದ್ದರೇ ಅನೇಕ ವೈದ್ಯರು ಚಿಕಿತ್ಸೆ ಶುರು ಮಾಡುತ್ತಾರೆ. ‘ಎಚ್‌ಬಿ 12.2 ಐತಿ, ನಾರ್ಮಲ್’ ಎಂದು ವಾಪಸು ಕಳಿಸಿದ ಐಸ್ ತಿನ್ನುವ ಹುಡುಗಿಯ ಫೆರಿಟಿನ್ 6 ಇರಬಹುದು. ಇದಕ್ಕೊಂದು ಬಲೆಯೂ ಉಂಟು: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ. ಮೈ ಸರಿಯಿಲ್ಲದ ವಾರದಲ್ಲಿ ಮಾಡಿಸಿದರೆ ಜೊತೆಗೆ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಮಾಡಿಸಬೇಕು.

ರಕ್ತಕಣಗಳನ್ನು ಎಣಿಸುವ ಸಿಬಿಸಿ ವರದಿಯಲ್ಲಿ ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, 80ಕ್ಕಿಂತ ಕಡಿಮೆ ಎಂದರೆ ಕೆಂಪುಕಣಗಳು ಸಣ್ಣವಾಗಿವೆ. ಕಬ್ಬಿಣದ ಕೊರತೆಯಲ್ಲೂ ಸಣ್ಣವಾಗುತ್ತವೆ, ಹುಟ್ಟಿನಿಂದ ಬರುವ ಥಲಸೀಮಿಯಾ ಮೈನರ್‌ನಲ್ಲೂ ಸಣ್ಣವಾಗುತ್ತವೆ. ಎಂಸಿವಿಯನ್ನು ಕೆಂಪುಕಣದ ಎಣಿಕೆಯಿಂದ (ದಶಲಕ್ಷಗಳಲ್ಲಿ) ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಎರಡನೆಯದರ ಅನುಮಾನ. ಆಗ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಅದಿಲ್ಲದೆ ತಿಂಗಳುಗಟ್ಟಲೆ ಗುಳಿಗೆ ನುಂಗಿ ‘ರಕ್ತ ಏರವಲ್ದು’ ಎಂದು ಕೊರಗುವವರಿದ್ದಾರೆ.

ಜಂತುವಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಮಣ್ಣು ತಿಂದರೆ ಬಾಯಿಯಿಂದ ಬರುವುದು ಮುಖ್ಯವಾಗಿ ದುಂಡುಹುಳು ಮತ್ತು ಚಾಟಿಹುಳು. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ರಕ್ತ ಹೀರುವ ಕೊಕ್ಕೆಹುಳು ಹೆಚ್ಚಾಗಿ ಬರಿಗಾಲಿನ ಚರ್ಮ ಕೊರೆದು ಒಳಗೆ ಬರುತ್ತದೆ. ಆದ್ದರಿಂದ ಹೊಲಕ್ಕೆ ಬರಿಗಾಲಲ್ಲಿ ಹೋಗುವ ತಾಯಿ ಮಣ್ಣು ತಿನ್ನುತ್ತಿದ್ದರೆ, ಆಕೆಗೆ ಮಣ್ಣಿನ ಬಾಯಿ ಹತ್ತಿಸಿದ್ದೇ ಆ ಹುಳು ಆಗಿರಬಹುದು. ಒಂದು ಚಪ್ಪಲಿ ಇಲ್ಲಿ ಔಷಧಿಯಷ್ಟೇ ಕೆಲಸ ಮಾಡುತ್ತದೆ. ಆಲ್ಬೆಂಡಜೋಲ್ ದೊಡ್ಡವರಿಗೂ ಎರಡು ವರ್ಷ ದಾಟಿದ ಮಕ್ಕಳಿಗೂ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಗುಳಿಗೆ ಪುಡಿ ಮಾಡಿ. ಬಸುರಿಯರಿಗೆ ಮೊದಲ ಮೂರು ತಿಂಗಳಲ್ಲಿ ಬೇಡವೇ ಬೇಡ. ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನ ಅಂಗನವಾಡಿ, ಶಾಲೆಗಳಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ.

ಸುಣ್ಣದ ಹಕ್ಕಳೆ, ಹಳೇ ಬಾಗಿಲಿನ ಬಣ್ಣ, ರಸ್ತೆಬದಿ ಅಥವಾ ಗ್ಯಾರೇಜಿನ ಮಣ್ಣು ತಿನ್ನುವ ಮಗುವಿಗೆ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಬೇಕು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣ ಪದರು ಪದರಾಗಿ ಇನ್ನೂ ಬಾಗಿಲು, ಕಿಟಕಿ, ತೊಟ್ಟಿಲ ಮೇಲಿದೆ. ಸೀಸವೂ ಕಬ್ಬಿಣವೂ ಕರುಳಿನಲ್ಲಿ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ. ಕಬ್ಬಿಣ ಇಲ್ಲದ ಮಗುವಿನಲ್ಲಿ ಆ ಬಾಗಿಲು ಅಗಲವಾಗಿ ತೆರೆದಿರುತ್ತದೆ, ಸೀಸ ಹೆಚ್ಚು ನುಗ್ಗುತ್ತದೆ. ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಅದು ಬರುತ್ತಿರುವ ಮೂಲ ಹುಡುಕಿ ತಪ್ಪಿಸಬೇಕು. 45 ಮುಟ್ಟಿದರೆ ಸೀಸ ಹೊರತೆಗೆಯುವ ಔಷಧಿಗೆ ಆಸ್ಪತ್ರೆ ಸೇರಬೇಕು.

ಗುಳಿಗೆ ನುಂಗಿದರೂ ರಕ್ತ ಏರದಿರುವುದಕ್ಕೆ ಕಾರಣ

ಇಲ್ಲಿಯೇ ಬಹುಪಾಲು ಚಿಕಿತ್ಸೆ ಹಳಿ ತಪ್ಪುವುದು. ನಮ್ಮ ಮನೆಗಳ ದಿನಚರಿ ನೋಡಿ: ಬೆಳಿಗ್ಗೆ 6ಕ್ಕೆ ಚಹಾ, 9ಕ್ಕೆ ನಾಷ್ಟಾ, ಅದರ ಹಿಂದೆಯೇ ಚಹಾ, 1:30ಕ್ಕೆ ರೊಟ್ಟಿ ಊಟ, 4ಕ್ಕೆ ಮತ್ತೆ ಚಹಾ, ರಾತ್ರಿ 8ಕ್ಕೆ ಊಟ. ಗುಳಿಗೆಯನ್ನು ನಾಷ್ಟಾದ ಜೊತೆ ನುಂಗಿ ಚಹಾ ಕುಡಿದರೆ, ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ರೊಟ್ಟಿಯ ಜೊತೆ ನುಂಗಿದರೆ ಜೋಳದಲ್ಲಿರುವ ಫೈಟೇಟ್ ಎಂಬ ಅಂಶ ಅದೇ ಕೆಲಸ ಮಾಡುತ್ತದೆ. ಹಾಲಿನ ಜೊತೆ ನುಂಗಿದರೆ ಕ್ಯಾಲ್ಸಿಯಂ ಅಡ್ಡ ಬರುತ್ತದೆ. ಉಳಿಯುವುದು ಬೆಳಗಿನ 11:30. ನಾಷ್ಟಾ-ಚಹಾ ಆಗಿ ಎರಡೂವರೆ ತಾಸು, ಊಟಕ್ಕೆ ಇನ್ನೆರಡು ತಾಸು. ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ಆಗ ನುಂಗಬೇಕು. ಹೊಟ್ಟೆ ತೊಳಸಿದರೆ ರಾತ್ರಿ 10ಕ್ಕೆ, ಮಲಗುವ ಮುಂಚೆ. ಬಸುರಿಯರಿಗೆ ಕೊಡುವ ಕ್ಯಾಲ್ಸಿಯಂ ಗುಳಿಗೆ ಊಟದ ಜೊತೆ ಇರಲಿ, ಕಬ್ಬಿಣದಿಂದ ಎರಡು ತಾಸು ದೂರ.

ಸರ್ಕಾರಿ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತ ಸರಿಯಿರುವ ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಕ್ತ ಕಡಿಮೆಯಿದ್ದರೆ ದಿನಕ್ಕೆ ಎರಡು. ಬಸುರಿಯಲ್ಲದವರಿಗೆ ಕೆಲವು ವೈದ್ಯರು ದಿನ ಬಿಟ್ಟು ದಿನ ಬರೆಯುತ್ತಾರೆ. ಅದು ಜಿಪುಣತನವಲ್ಲ. ಒಂದು ಗುಳಿಗೆ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಸುಮಾರು ಒಂದು ದಿನ ಕಬ್ಬಿಣದ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಬಸುರಿಯರು ಮಾತ್ರ ತಾವಾಗಿ ಈ ಲೆಕ್ಕ ಹಾಕಿಕೊಳ್ಳಬಾರದು.

ಮಕ್ಕಳ ಸಿರಪ್ಪಿನಲ್ಲಿ ತಪ್ಪುಗಳು ಇನ್ನೂ ಹೆಚ್ಚು. ಚಿಕಿತ್ಸೆಯ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಕಬ್ಬಿಣ. 12 ಕಿಲೋ ಮಗುವಿಗೆ 36 ಮಿಲಿಗ್ರಾಂ. ಅಂಗನವಾಡಿಯ ಸಿರಪ್ಪಿನಲ್ಲಿ ಒಂದು ಮಿಲಿಗೆ 20 ಮಿಲಿಗ್ರಾಂ ಇರುತ್ತದೆ, ಒಂದೂವರೆಯಿಂದ ಎರಡು ಮಿಲಿ ಸಾಕು. ಅಂಗಡಿಯ ಸಿರಪ್ಪಿನಲ್ಲಿ 5 ಮಿಲಿಗೆ 30 ಮಿಲಿಗ್ರಾಂ ಎಂದು ಬರೆದಿದ್ದರೆ ಅದೇ ಮಗುವಿಗೆ 6 ಮಿಲಿ ಬೇಕು. ‘ಒಂದು ಚಮಚ ಹಾಕ್ರಿ’ ಎಂಬ ಮಾತು ಎರಡು ಬಾಟಲಿಗೆ ಎರಡು ಅರ್ಥ ಕೊಡುತ್ತದೆ. ಬಾಟಲಿಯ ಮೇಲೆ ‘ಎಲಿಮೆಂಟಲ್ ಐರನ್’ ಎಂಬ ಸಾಲಿನ ಎದುರಿರುವ ಅಂಕಿಯನ್ನೇ ಓದಬೇಕು, ಲವಣದ ತೂಕವನ್ನಲ್ಲ. ಸಿರಪ್ಪನ್ನು ಸಿರಿಂಜಿನಿಂದ ನಾಲಿಗೆಯ ಹಿಂಭಾಗಕ್ಕೆ ಬಿಟ್ಟು ನೀರು ಕುಡಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬಾರದು.

ಮಣ್ಣು ತಿನ್ನುವ ಮಗು ಇರುವ ಮನೆಯಲ್ಲಿ ತಾಯಿಯ ಕೆಂಪು ಗುಳಿಗೆಗಳು ಕೈಗೆ ಸಿಗುವಂತೆ ಇದ್ದರೆ ಅದೇ ದೊಡ್ಡ ಗಂಡಾಂತರ. 10 ಕಿಲೋ ಮಗು ನಾಲ್ಕು ಗುಳಿಗೆ ನುಂಗಿದರೆ ವಾಂತಿ-ಭೇದಿ ಶುರುವಾಗಬಹುದು, ಹತ್ತು ನುಂಗಿದರೆ ಜೀವಕ್ಕೇ ಅಪಾಯ. ಸಕ್ಕರೆ ಲೇಪದ ಕೆಂಪು ಗುಳಿಗೆ ಅದಕ್ಕೆ ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ. ಬೀಗ ಹಾಕುವ ಕಪಾಟೇ ಅದಕ್ಕೆ ಸರಿಯಾದ ಜಾಗ.

ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರಬೇಕು. ಏರಲಿಲ್ಲ ಎಂದರೆ ಡೋಸು ಹೆಚ್ಚಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ನಿಜವಾಗಿ ನುಂಗುತ್ತಿದ್ದಾಳೆಯೇ, ಚಹಾ ಎಷ್ಟು ದೂರವಿದೆ, ಖಡು ನಿಂತಿದೆಯೇ, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆಯೇ, ಮಲದಲ್ಲಿ ಹುಳು ಇದೆಯೇ. ಅದೆಲ್ಲ ಸರಿಯಿದ್ದೂ ಏರದಿದ್ದರೆ, ಅಥವಾ ಹೆರಿಗೆ ಹತ್ತಿರವಿದ್ದರೆ, ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿ ಇದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಮಾತ್ರ ಅದನ್ನು ಕೊಡುವುದಿಲ್ಲ. ಇನ್ನೊಂದು ಮಾಮೂಲಿ ತಪ್ಪು: ಹಿಮೋಗ್ಲೋಬಿನ್ 12 ಮುಟ್ಟಿತೆಂದು ಗುಳಿಗೆ ಬಿಡುವುದು. ಅಂಗಳ ತುಂಬಿದೆ, ಕಣಜ ಇನ್ನೂ ಖಾಲಿಯಿದೆ. ಆಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು.

ಊಟದಲ್ಲಿ ಜೋಳದ ರೊಟ್ಟಿ ಬಿಡಬೇಕಿಲ್ಲ. ಜೊತೆಗೆ ಹಸಿ ಹೆಸರುಕಾಳಿನ ಬದಲು ಮೊಳಕೆ ಬರಿಸಿದ್ದು, ಮೇಲೆ ನಿಂಬೆರಸ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಟೊಮೆಟೊ ಇದ್ದರೆ ಅದೇ ರೊಟ್ಟಿಯಿಂದ ಹೆಚ್ಚು ಕಬ್ಬಿಣ ದಕ್ಕುತ್ತದೆ. ಮೊಳಕೆ ಫೈಟೇಟನ್ನು ಒಡೆಯುತ್ತದೆ, ಸಿ ಜೀವಸತ್ವ ಕಬ್ಬಿಣವನ್ನು ಕರಗಿದ ರೂಪದಲ್ಲಿ ಇಡುತ್ತದೆ. ತಿನ್ನುವವರಿಗೆ ಮಾಂಸ, ಮೀನು ಇದ್ದರೆ ಇನ್ನೂ ಒಳ್ಳೆಯದು. ಆದರೆ ಕಣಜ ಬರಿದಾದವರು ಊಟದಿಂದಷ್ಟೇ ತುಂಬಿಕೊಳ್ಳುತ್ತೇವೆ ಎಂದುಕೊಂಡರೆ ಆಗದ ಮಾತು. ಖರ್ಜೂರ, ಬೆಲ್ಲ ಕೊಟ್ಟು ಗುಳಿಗೆ ತಪ್ಪಿಸುವ ಉಪಾಯ ಎಲ್ಲ ಮನೆಯಲ್ಲೂ ಇದೆ, ಅದು ಕೆಲಸ ಮಾಡುವುದಿಲ್ಲ.

‘ಬಸುರಿ ಬಯಕಿ ತೀರಸದಿದ್ರ ಕೂಸಿನ ಕಿವಿ ಸೋರತಾವ’ ಎಂಬ ಮಾತಿದೆ. ಬಯಕೆ ಹುಣಸೆಹಣ್ಣಿನದಾದರೆ ತೀರಿಸಲಿ. ಮಣ್ಣಿನದಾದರೆ ತೀರಿಸಬೇಕಾದ್ದು ಫೆರಿಟಿನ್ನಿನ ಕೊರತೆ. ಮಣ್ಣಿನಲ್ಲಿ ಸೀಸ ಇದ್ದರೆ ಅದು ಮಾಸು ದಾಟಿ ಕೂಸಿಗೆ ತಲುಪುತ್ತದೆ.

ರಕ್ತ ಸರಿಯಿದ್ದೂ ತಿನ್ನುತ್ತಿದ್ದರೆ

ಆಟಿಸಂ ಅಥವಾ ಬುದ್ಧಿಮಾಂದ್ಯ ಇರುವ ಮಕ್ಕಳಲ್ಲಿ ಪೈಕಾ ಹೆಚ್ಚು. ಅವರಲ್ಲೂ ಮೊದಲು ರಕ್ತವನ್ನೇ ನೋಡಬೇಕು. ಅದು ಸರಿಯಾದ ಮೇಲೂ ತಿನ್ನುತ್ತಿದ್ದರೆ ‘ಯಾಕೆ’ ಎಂಬುದು ವರ್ತನೆಯಲ್ಲಿ ಸಿಗುತ್ತದೆ. ಅದಕ್ಕೊಂದು ನೋಟುಬುಕ್ಕು ಸಾಕು. ಎರಡು ವಾರ, ಪ್ರತಿ ಸಲಕ್ಕೂ ಒಂದು ಸಾಲು: ಎಷ್ಟು ಗಂಟೆ, ಎಲ್ಲಿ, ಅದಕ್ಕೂ ಮುಂಚೆ ಏನಾಗುತ್ತಿತ್ತು, ಏನು ತಿಂದ, ಆಮೇಲೆ ಏನಾಯಿತು.

‘ಸಂಜೆ 5:30. ಹಿತ್ತಲು. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಗೋಡೆ ಕೆರೆದು ತಿಂದ. ತಾಯಿ ಓಡಿಬಂದು ಎತ್ತಿಕೊಂಡು ಬಾಯಿ ತೊಳೆದಳು.’ ಇಂಥ ಸಾಲುಗಳೇ ಎಂಟು ಹತ್ತು ಬಂದರೆ ಮಗು ಗೋಡೆ ಕೆರೆಯುವುದು ತಾಯಿಯನ್ನು ಕರೆಯಲಿಕ್ಕೆ. ರೊಟ್ಟಿ ಬಡಿಯುವ ಮುಂಚೆ ಹತ್ತು ನಿಮಿಷ ಅದರ ಜೊತೆ ಕೂತು, ಆಮೇಲೆ ಒಂದು ಉಂಡೆ ಹಿಟ್ಟು ಕೈಗೆ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡರೆ ಅರ್ಧ ಪರಿಹಾರ. ಯಾರೂ ಇಲ್ಲದಾಗ, ಎಲ್ಲ ಜಾಗದಲ್ಲೂ, ಒಂದೇ ಬಗೆಯ ವಸ್ತು ತಿನ್ನುತ್ತಿದ್ದರೆ ಅದಕ್ಕೆ ಬೇಕಾದದ್ದು ಬಾಯಲ್ಲಿ ಸಿಗುವ ಆ ಸ್ಪರ್ಶ. ಆಗ ಅದೇ ಸ್ಪರ್ಶದ ತಿನಿಸು ಕೊಡಬೇಕು. ಗಟ್ಟಿ ಕಟುಕುವಂಥದ್ದು ಬೇಕಾದರೆ ಖಡಕ್ ರೊಟ್ಟಿ, ಪುಡಿ ಬೇಕಾದರೆ ಹುರಿಹಿಟ್ಟು ಅಥವಾ ಗುರೆಳ್ಳು ಚಟ್ನಿ, ತಂಪು ಗರುಕು ಬೇಕಾದರೆ ಸವತಿಕಾಯಿ. ಇಡೀ ಶೇಂಗಾ, ಪುಟಾಣಿ, ಹಸಿ ಗಜ್ಜರಿ ತುಂಡನ್ನು ನಾಲ್ಕೈದು ವರ್ಷದೊಳಗಿನವರಿಗೆ ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಪಾಠ ಬೇಡವೆಂದಾಗ ಮಾತ್ರ ರಬ್ಬರು ಕಚ್ಚಿ ನುಂಗುವ ಹುಡುಗ ಅದರಿಂದ ಪಾಠ ತಪ್ಪಿಸಿಕೊಳ್ಳುತ್ತಿದ್ದಾನೆ. ಅವನಿಗೆ ‘ಸಾಕು’ ಎಂದು ಹೇಳುವ ಒಂದು ಸನ್ನೆ ಕಲಿಸಿ ಪಾಠ ಚಿಕ್ಕದು ಮಾಡಬೇಕು.

ತಡೆಯುವಾಗ ವಸ್ತು ಬಾಯಿ ಸೇರಿದ ಮೇಲೆ ಹಿಡಿದರೆ ತಡವಾಯಿತು, ಕೈ ಚಾಚಿದಾಗಲೇ ಹಿಡಿಯಬೇಕು. ಮಾತಿಲ್ಲ, ಸಿಟ್ಟಿಲ್ಲ. ಕೈಯನ್ನು ಮೆಲ್ಲನೆ ತಿರುಗಿಸಿ ಬದಲಿ ತಿನಿಸು ಇಡಬೇಕು, ಅದನ್ನು ತಿಂದಾಗ ಹೊಗಳಬೇಕು. ತಾನಾಗಿಯೇ ಮಣ್ಣು ತಂದು ಕೈಗೆ ಕೊಟ್ಟರೆ ದೊಡ್ಡ ಬಹುಮಾನ. ‘ತಾಟಿನ್ಯಾಗ ಇದ್ದದ್ದಷ್ಟ ತಿನ್ನೋದು’ ಎಂಬ ನಿಯಮಕ್ಕೆ ಒಂದೇ ಬಣ್ಣದ ತಾಟು ಮೀಸಲಿಟ್ಟರೆ ಆಹಾರ ಯಾವುದು, ಅಲ್ಲದ್ದು ಯಾವುದು ಎಂದು ಮಗುವಿಗೆ ಕಣ್ಣಿಗೇ ತಿಳಿಯುತ್ತದೆ. ಮೊದಲ ಒಂದೆರಡು ವಾರ ತಿನ್ನುವುದು ಹೆಚ್ಚಾಗುವುದೂ ಉಂಟು, ಹಳೇ ಉಪಾಯ ನಡೆಯದಿದ್ದಾಗ ಮಗು ಇನ್ನಷ್ಟು ಜೋರಾಗಿ ಅದನ್ನೇ ಪ್ರಯತ್ನಿಸುತ್ತದೆ. ಅಲ್ಲಿಯೇ ಹೆಚ್ಚಿನವರು ಕೈಬಿಡುತ್ತಾರೆ. ದಿನದ ಎಣಿಕೆ ಬರೆದಿಟ್ಟರೆ ಮೂರನೇ ವಾರದಲ್ಲಿ ಇಳಿತ ಕಾಣುತ್ತದೆಯೋ ಇಲ್ಲವೋ ನೀವೇ ನೋಡಬಹುದು. ಕಾಣದಿದ್ದರೆ ಕಾರಣ ತಪ್ಪಾಗಿ ಗುರುತಿಸಿದ್ದೀರಿ, ನೋಟುಬುಕ್ಕಿಗೆ ವಾಪಸು.

ಕೂದಲು ತಿನ್ನುವುದನ್ನು ಬೇರೆಯಾಗಿಯೇ ನೋಡಬೇಕು. ಹೆಚ್ಚಾಗಿ ಹರೆಯದ ಹುಡುಗಿಯರು. ನೆತ್ತಿಯಲ್ಲಿ ಅಲ್ಲಲ್ಲಿ ಬೋಳು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಬಾಯಿ ವಾಸನೆ, ಹೊಟ್ಟೆಯ ಮೇಲ್ಭಾಗದಲ್ಲಿ ಗಡ್ಡೆ. ಕೂದಲು ಜೀರ್ಣವಾಗುವುದಿಲ್ಲ, ಹೊಟ್ಟೆಯೊಳಗೆ ಜಡೆಯ ಹಾಗೆ ಹೆಣೆದು ಚೆಂಡಾಗುತ್ತದೆ. ದೊಡ್ಡದಾದರೆ ಶಸ್ತ್ರಚಿಕಿತ್ಸೆಯೇ ಗತಿ. ಆಮೇಲೆ ಕೂದಲು ಕೀಳುವ ಒತ್ತಡಕ್ಕೆ ಮನೋವೈದ್ಯರ ಚಿಕಿತ್ಸೆ ಆಗದಿದ್ದರೆ ಚೆಂಡು ಮತ್ತೆ ಕಟ್ಟುತ್ತದೆ.

ಕಾಯದೆ ಹೊರಡಬೇಕಾದ ಸಂದರ್ಭ

ಗುಂಡಿ ಆಕಾರದ ಬ್ಯಾಟರಿ ನುಂಗಿದ್ದರೆ ಎರಡು ತಾಸಿನೊಳಗೆ ಅನ್ನನಾಳ ಸುಡಲು ಶುರುವಾಗುತ್ತದೆ. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದ್ದರೆ ಅವು ಕರುಳಿನ ಗೋಡೆಯನ್ನು ನಡುವೆ ಇಟ್ಟುಕೊಂಡು ಅಂಟುತ್ತವೆ. ಕರ್ಪೂರ ಸಣ್ಣ ಮಕ್ಕಳಲ್ಲಿ ಫಿಟ್ಸ್ ತರುತ್ತದೆ, ನುಸಿಗುಳಿಗೆ ಕೆಲವು ಮಕ್ಕಳಲ್ಲಿ ಕೆಂಪುಕಣ ಒಡೆಯುತ್ತದೆ, ಹಸಿ ಸುಣ್ಣ ಬಾಯಿ-ಗಂಟಲು ಸುಡುತ್ತದೆ. ಹಸಿರು ವಾಂತಿ, ಉಬ್ಬಿದ ಹೊಟ್ಟೆಯ ಜೊತೆ ಮಲ-ವಾಯು ನಿಂತಿದ್ದು, ಮಲದಲ್ಲಿ ರಕ್ತ ಬಂದದ್ದು ಕರುಳು ಕಟ್ಟಿದ್ದರ ಗುರುತು. ಇವು ಯಾವುದಕ್ಕೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, 108ಕ್ಕೆ ಫೋನು ಮಾಡಿ. ತಿಂದ ವಸ್ತುವಿನ ಉಳಿದ ಚೂರು, ಡಬ್ಬಿ, ಗುಳಿಗೆಯ ಖಾಲಿ ಪಟ್ಟಿ ಜೊತೆಗೆ ಒಯ್ಯಿರಿ.

ಉಳಿದದ್ದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ಫೆರಿಟಿನ್, ಸೀಸದಂಥ ಪರೀಕ್ಷೆ ಬೇಕೆಂದರೆ ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಕೆಎಂಸಿಆರ್‌ಐ, ಗದಗದಲ್ಲಿ ಜನ ಜಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹಾವೇರಿಯ ಜಿಲ್ಲಾಸ್ಪತ್ರೆಯಂಥ ಕಡೆ ವಿಚಾರಿಸಿ. ವರ್ತನೆಯ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನೋಟುಬುಕ್ಕನ್ನು ಮರೆಯದೆ ಒಯ್ದರೆ ಅಲ್ಲಿ ಮೊದಲ ಭೇಟಿಯ ಅರ್ಧ ಕೆಲಸ ಮುಗಿದಿರುತ್ತದೆ. ಹೋಗಲು ನಾಚಿಕೆಯೆನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಗುಣವಾದ ಮೇಲೂ ಒಂದು ಗುರುತು ಉಳಿಯುತ್ತದೆ, ಅದು ಉಪಯೋಗಕ್ಕೆ ಬರುವಂಥದ್ದು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಜಿಯೋಸ್ಮಿನ್ ಎಂಬ ರಾಸಾಯನಿಕದ್ದು, ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವಂಥದ್ದು. ಅದು ಬಹುತೇಕರ ಮೂಗಿಗೆ ಹಿತವೇ. ಹಿಂದೆ ಮಣ್ಣು ತಿಂದವರಿಗೆ ಒಂದು ವರ್ಷ ಆ ವಾಸನೆ ಬರೀ ವಾಸನೆಯಾಗಿರುತ್ತದೆ, ಮರುವರ್ಷ ಮತ್ತೆ ಬಾಯಲ್ಲಿ ನೀರೂರಿಸಬಹುದು. ಹಿಮೋಗ್ಲೋಬಿನ್ ಇನ್ನೂ 12ರ ಮೇಲೇ ಇರಬಹುದು. ಆ ವಾರವೇ ಫೆರಿಟಿನ್ ಮಾಡಿಸಿ.